ಕೊನೆಯ ಗುಡ್ಡೆ ಯಾರದು?

ಬಲು ಹಿಂದೆ, ಮರಕ್ಕೂ ಮೃಗಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಹುಲ್ಲೆನಾಡು ಅಂತ ಒಂದು ರಾಜ್ಯವಿತ್ತು. ಮಳೆಗಾಲ ಮುಗಿದು ಕಾಡಿನ ಹುಲ್ಲು ಎದೆಮಟ್ಟ ಬೆಳೆಯಿತೆಂದರೆ ಸಾಕು, ಆ ರಾಜ್ಯದಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಿಲ್ಲಿಗೆ ಎಣ್ಣೆ ಸವರುವವರು, ಬಾಣದ ಮೊನೆ ಮಸೆಯುವವರು, ಬಲೆಯ ಹರುಕು ಕಟ್ಟುವವರು. ಅಜ್ಜಿಯರು ಮೆಣಸು ಕೊತ್ತಂಬರಿ ಹುರಿದು ಒರಳಿಗೆ ಹಾಕಿ ಕುಟ್ಟಿದರೆ ಊರಿಗೆ ಊರೇ ಸೀನುತ್ತಿತ್ತು. ನಾಯಿಗಳ ಗಡಿಬಿಡಿಯಂತೂ ಕೇಳಲೇಬೇಡಿ. ದೊರೆ ಬೊಮ್ಮರಸ ಕೋಟೆಯ ಬುರುಜು ಹತ್ತಿ ಕೊಂಬು ಊದಿದನೆಂದರೆ ಜಿಂಕೆ ಬೇಟೆಯ ಕಾಲ ಶುರುವಾಯಿತು ಅಂತಲೇ ಲೆಕ್ಕ.

ಬೇಟೆಗೆ ಕಟ್ಟಳೆಗಳಿದ್ದವು. ಕೊಂಬಿಲ್ಲದ್ದನ್ನು ಮುಟ್ಟಬಾರದು. ನೀರು ಕುಡಿಯುವ ಜೀವಕ್ಕೆ ಬಾಣ ಬಿಡಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಗುಡ್ಡೆ ಹಾಕದೆ ಬೇಟೆಯನ್ನು ಯಾರೂ ತಿನ್ನಬಾರದು. ಗುಡ್ಡೆ ಹಾಕುವುದು ಅಂದರೆ, ಮುತ್ತುಗದ ಎಲೆ ಹಾಸಿ ಮನೆಗೊಂದು ಗುಡ್ಡೆ ಮಾಂಸ, ನಾಯಿಗಳಿಗೊಂದು ಗುಡ್ಡೆ, ಕೊನೆಗೆ ದಾರಿಯಲ್ಲಿ ಹೋಗುವ ಯಾರು ಕಂಡರೂ ಅವರಿಗೆ ಅಂತ ಒಂದು 'ಕಂಡವರ ಗುಡ್ಡೆ'. ಒಬ್ಬನು ಬೆನ್ನು ತಿರುಗಿಸಿ ನಿಲ್ಲಬೇಕು. ಪಾಲು ಹಾಕುವವನು ಒಂದು ಗುಡ್ಡೆ ತೋರಿಸಿ "ಇದು ಯಾರದು?" ಅನ್ನಬೇಕು. ತಿರುಗಿ ನಿಂತವನು ನೋಡದೆ ಒಂದು ಹೆಸರು ಕೂಗಬೇಕು. ಕೂಗಿದ್ದು ಕೂಗಿದ ಹಾಗೆ. ದೊರೆಯ ಪಾಲಿಗೆ ಮೂಳೆ ಬಂದರೆ ದೊರೆ ಮೂಳೆಯನ್ನೇ ಚೀಪಬೇಕು. ಈ ಕಟ್ಟಳೆಗೆ ಹುಲಿಯೂ ಸೈ, ಭೂತವೂ ಸೈ, ಮಾಂತ್ರಿಕನೂ ಸೈ, ತಲೆ ಬಾಗಲೇಬೇಕಿತ್ತು.

ಆ ರಾಜ್ಯದಲ್ಲಿ ಪಾಲು ಹಾಕುವವನು ಮುದ್ದ ಎಂಬ ಹುಡುಗ. ಅವನ ಬಾಣದ ಗುರಿಯ ಬಗ್ಗೆ ಹೇಳದಿರುವುದೇ ವಾಸಿ. ಜಿಂಕೆಗೆ ಬಿಟ್ಟರೆ ಹಲಸಿನ ಹಣ್ಣಿಗೆ ನಾಟುತ್ತಿತ್ತು. ಆದರೆ ಅವನು ಹಾಕಿದ ಗುಡ್ಡೆಗೆ ಒಬ್ಬರೂ ಮೂತಿ ತಿರುವಿದವರಿಲ್ಲ.

ಹೀಗಿರುವಾಗ ಹುಲ್ಲೆನಾಡಿಗೆ ಒಂದು ಗ್ರಹಚಾರ ಬಂತು. ಗವಿಬೆಟ್ಟದಲ್ಲಿ ಒಬ್ಬ ಮಾಂತ್ರಿಕನಿದ್ದ. ಕಂಡಿದ್ದನ್ನೆಲ್ಲಾ ಬಾಚಿಕೊಳ್ಳುತ್ತಿದ್ದುದರಿಂದ ಜನ ಅವನನ್ನು ಬಾಚಯ್ಯ ಅಂತಲೇ ಕರೆಯುತ್ತಿದ್ದರು. ಅವನು ಒಂದು ಮುಂಜಾನೆ ಕಾಡಿನ ಜಿಂಕೆಗಳನ್ನೆಲ್ಲಾ ಹುಣಸೆಬೀಜ ಮಾಡಿ, ಜೋಳಿಗೆಗೆ ತುಂಬಿಕೊಂಡು ಗವಿ ಸೇರಿಬಿಟ್ಟ. ತಿನ್ನಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲ. ಬರೀ ತನ್ನ ಹತ್ತಿರ ಇರಲಿ ಅಂತ! ಎರಡು ಮಳೆಗಾಲ ಕಳೆದವು. ಮಸೆದ ಬಾಣಗಳಿಗೆ ತುಕ್ಕು ಹಿಡಿಯಿತು. ದೊರೆಯ ಕೊಂಬಿನೊಳಗೆ ಕಣಜ ಗೂಡು ಕಟ್ಟಿತು. ಜಿಂಕೆಗಳನ್ನು ಬಿಡಿಸಿದವರಿಗೆ ಅರ್ಧ ರಾಜ್ಯ ಅಂತ ದೊರೆ ಡಂಗುರ ಹೊಡೆಸಿದ. ಹೋದವರೆಲ್ಲಾ ಅರ್ಧ ದಾರಿಯಲ್ಲೇ ಹೆದರಿ ಓಡಿಬಂದರು.

ಅದೇ ಹೊತ್ತಿಗೆ ಮುದ್ದನ ಅಕ್ಕ ಚೆನ್ನಾಜಿ ಬಸುರಿಯಾಗಿ ತವರಿಗೆ ಬಂದಳು. ಬಂದವಳ ಗಂಟಲಲ್ಲಿ ಏನೂ ಇಳಿಯದು. ಮುದ್ದೆ ಮುರಿದರೆ ಓಕರಿಕೆ, ಮೊಸರು ಕಂಡರೆ ಓಕರಿಕೆ. ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈಗೆ ಏರಿತು.

"ಏನು ಬೇಕವ್ವಾ ನಿನಗೆ? ಬಾಯಿಬಿಟ್ಟು ಹೇಳು," ಅಂದಳು ಸೂಲಗಿತ್ತಿ.

"ಜಿಂಕೆ ಬಾಡು. ಅದೊಂದೇ," ಅಂದಳು ಚೆನ್ನಾಜಿ.

ಸೂಲಗಿತ್ತಿ ಮುದ್ದನನ್ನು ಹೊರಗೆ ಕರೆದಳು. "ಬಸುರಿ ಬಯಕೆ ತೀರದಿದ್ರೆ ಕೂಸಿನ ಕಿವಿ ಸೋರುತ್ತೆ ಅಂತಾರಲ್ಲ, ಅದು ಬಿಡು, ಸೋರಿದ್ರೆ ಒರೆಸಬಹುದು. ಇವಳು ಹಿಂಗೇ ಉಪವಾಸ ಬಿದ್ದರೆ ತಾಯೂ ದಕ್ಕಲ್ಲ, ಕೂಸೂ ದಕ್ಕಲ್ಲ ಕಣಪ್ಪಾ."

ತಾಯಿಯಿಲ್ಲದ ಮುದ್ದನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಆ ಅಕ್ಕನೇ. ಅವನು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟೇಬಿಟ್ಟ.

"ಅಯ್ಯೋ, ನಿನ್ನ ಬಾಣ ಹಲಸಿನ ಹಣ್ಣಿಗಲ್ವೇನೋ ತಾಗೋದು!" ಅಂತ ಚೆನ್ನಾಜಿ ಮಲಗಿದಲ್ಲೇ ನಕ್ಕಳು. ನಕ್ಕವಳ ಕಣ್ಣಲ್ಲಿ ನೀರು. ಸೆರಗಿನ ತುದಿ ಹರಿದು, ಅದಕ್ಕೊಂದು ಗಂಟು ಹಾಕಿ, ಗಂಟಿನ ಹತ್ತಿರ ಬಾಯಿಟ್ಟು ಹೇಳಿದಳು: "ಇದು ನನ್ನ ಬಯಕೆ. ದಾರೀಲಿ ಮರೀಬೇಡ ಕಣೋ ತಮ್ಮಾ."

ಹುಲ್ಲೆನಾಡಿನಲ್ಲಿ ಗಂಟಿನೊಳಗೆ ಆಡಿದ ಮಾತು ಗಂಟಿನೊಳಗೇ ಇರುತ್ತಿತ್ತು. ಮುದ್ದ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಅದು ಬೆಚ್ಚಗಿತ್ತು.

ಹೋದ, ಹೋದ, ಹೋದ. ಬೆಟ್ಟದ ಬಾಗಿಲಲ್ಲಿ ಎರಡು ತಲೆಯ ಗಂಡಭೇರುಂಡ ದಾರಿಗೆ ಅಡ್ಡ ಕೂತಿತ್ತು.

"ರೊಟ್ಟಿ ವಾಸನೆ! ನನಗೆ ಕೊಡು," ಅಂತು ಬಲದ ತಲೆ.

"ಅವನಿಗೆ ಕೊಟ್ಟರೆ ನಿನ್ನ ಕಣ್ಣು ಕುಕ್ಕುತ್ತೀನಿ," ಅಂತು ಎಡದ ತಲೆ.

"ಇಬ್ಬರಿಗೂ ಹೊಟ್ಟೆ ಒಂದೇ ಅಲ್ವೇ?" ಅಂದ ಮುದ್ದ.

"ಹೊಟ್ಟೆ ಒಂದೇ, ನಾಲಿಗೆ ಎರಡು!" ಅಂತ ಎರಡೂ ಒಟ್ಟಿಗೆ ಕಿರುಚಿದವು. ಬಂದವರು ಯಾವ ತಲೆಗೆ ಕೊಟ್ಟರೂ ಇನ್ನೊಂದು ತಲೆ ಕುಕ್ಕಿ ಓಡಿಸುತ್ತಿದ್ದುದು ಇದಕ್ಕೇ.

ಮುದ್ದ ರೊಟ್ಟಿಯನ್ನು ಸಮಕ್ಕೆ ಮುರಿದ. ಎರಡು ಕೊಕ್ಕಿಗೂ ಒಂದೊಂದು ತುಂಡು ಕಚ್ಚಿಸಿದ. "ನುಂಗಬೇಡಿ. ನಿನ್ನದು ಅವನಿಗೆ ಕೊಡು, ಅವನದು ನೀನು ತಿನ್ನು. ಯಾರ ತುಂಡು ದೊಡ್ಡದು ಅಂತ ಆಮೇಲೆ ಹೇಳಿ."

ಕೊಡಬೇಕಾದರೆ ಒಬ್ಬರ ಕಡೆ ಒಬ್ಬರು ತಿರುಗಲೇಬೇಕಲ್ಲ. ಹುಟ್ಟಿದಾಗಿನಿಂದ ಆಕಡೆ ಈಕಡೆ ನೋಡುತ್ತಿದ್ದ ತಲೆಗಳು ಮೊದಲ ಸಲ ಮುಖಾಮುಖಿಯಾದವು. "ಅರೆ, ನಿನ್ನ ಕಣ್ಣು ಎಷ್ಟು ಚೆನ್ನಾಗಿದೆಯೋ!" ಅಂತು ಒಂದು. "ನಿನ್ನ ಜುಟ್ಟು ನೋಡು, ಎಷ್ಟು ಚೆಂದ!" ಅಂತು ಇನ್ನೊಂದು. ಯಾರ ತುಂಡು ದೊಡ್ಡದು ಎನ್ನುವುದು ಎರಡಕ್ಕೂ ಮರೆತೇಹೋಯಿತು. ಮುದ್ದ ಮೆಲ್ಲಗೆ ರೆಕ್ಕೆಯ ಅಡಿಯಿಂದ ನುಸುಳಿ ಮುಂದಕ್ಕೆ ಹೋದ.

ಹೋದ, ಹೋದ, ಹೋದ. ಬಿದಿರ ಮೆಳೆಯಿಂದ ಮೂರು ಹುಲಿಗಳು ಹೊರಗೆ ಬಂದವು. ಮೂವರೂ ಅಣ್ಣತಮ್ಮಂದಿರು. ಜಿಂಕೆ ಹೋದಮೇಲೆ ಕಪ್ಪೆ ತಿಂದು ತಿಂದು ಅವುಗಳ ನಾಲಿಗೆ ಕೆಟ್ಟುಹೋಗಿತ್ತು.

"ತೊಡೆ ನನಗೆ!" ಅಂತು ದೊಡ್ಡದು. "ನನಗೆ!" ಅಂತು ನಡುವಿನದು. "ಯಾವಾಗಲೂ ನಿಮಗೇನಾ?" ಅಂತ ಚಿಕ್ಕದು ಅಳುವುದಕ್ಕೇ ಶುರುಮಾಡಿತು.

ಮುದ್ದ ಕೈ ಮುಗಿದು ಹೇಳಿದ: "ಗುಡ್ಡೆ ಹಾಕದೆ ತಿನ್ನೋ ಹಂಗಿಲ್ಲ, ನಿಮಗೂ ಗೊತ್ತು. ಹೇಗೂ ನಾನು ಪಾಲು ಹಾಕೋನು. ನನ್ನ ಮೈಯ ಪಾಲು ನಾನೇ ಹಾಕ್ತೀನಿ. ಮೂವರೂ ಬೆನ್ನು ತಿರುಗಿಸಿ. ಒಬ್ಬರು ತಿರುಗಿದ್ರೆ ಉಳಿದೋರು ಕಣ್ಸನ್ನೆ ಮಾಡ್ತೀರಿ."

ನ್ಯಾಯವಾದ ಮಾತು. ಹುಲಿಗಳು ಬೆನ್ನು ತಿರುಗಿಸಿ ಸಾಲಾಗಿ ಕೂತವು.

"ಈ ಬಲದ ತೊಡೆ ಯಾರದು?" ಅಂದ ಮುದ್ದ.

"ದೊಡ್ಡಣ್ಣಂದು!"

"ಈ ಎಡದ ತೊಡೆ ಯಾರದು?" ಅಂದ, ಬಂಡೆಯ ಹಿಂದಿನಿಂದ.

"ನಡೂ ಅಣ್ಣಂದು!"

"ಈ ಕಿವಿ ಯಾರದು?" ಅಂದ, ದಿಬ್ಬದ ಆಚೆಯಿಂದ.

"ಚಿಕ್ಕೋನ್ದು!"

"ನನಗೆ ಬರೀ ಕಿವಿನಾ?" ಅಂತ ಚಿಕ್ಕ ಹುಲಿ ಗೊಳೋ ಅಂತು. ಜಗಳ ಹತ್ತಿಕೊಂಡಿತು. ಬೆನ್ನು ತಿರುಗಿಸಿಕೊಂಡೇ ಜಗಳವಾಡುತ್ತಿದ್ದವು, ಪಾಪ, ಕಟ್ಟಳೆ ಮುರಿಯುವ ಜಾತಿಯಲ್ಲ. ಅಷ್ಟುಹೊತ್ತಿಗೆ ಮುದ್ದ ಗವಿಯ ಬಾಯಲ್ಲಿದ್ದ.

ಒಳಗೆ ಬಾಚಯ್ಯ ಅಳಗುಳಿಮಣೆ ಆಡುತ್ತಿದ್ದ. ಒಬ್ಬನೇ! ಬಲಗೈ ಒಂದು ಆಟಗಾರ, ಎಡಗೈ ಒಂದು ಆಟಗಾರ. ಮಣೆಯ ಕುಳಿಗಳ ತುಂಬ ಹುಣಸೆಬೀಜ, ಬೀಜಬೀಜಕ್ಕೂ ಬಿಳೀ ಚುಕ್ಕೆ. ಎಡಗೈ ಗೆದ್ದರೆ ಬಲಗೈಗೆ ಸಿಟ್ಟು ಬಂದು ಚಿವುಟುತ್ತಿತ್ತು. ಆಗಾಗ ಒಂದೊಂದು ಬೀಜ ಟಣ್ಣನೆ ನೆಗೆದು ಬಾಗಿಲ ಕಡೆ ಓಡುತ್ತಿತ್ತು. ಬಾಚಯ್ಯ ಎದ್ದು ಬಿದ್ದು ಅದನ್ನು ಬಾಚಿ ತರುತ್ತಿದ್ದ.

"ಯಾವನೋ ನೀನು?"

"ಪಾಲು ಹಾಕೋ ಮುದ್ದ, ಸ್ವಾಮಿ."

"ಇಲ್ಲಿ ಪಾಲೂ ಇಲ್ಲ, ಗೀಲೂ ಇಲ್ಲ. ಎಲ್ಲಾ ನಂದೇ!"

"ನಿಮ್ಮದೇ ಆಗಿದ್ರೆ ಅವು ಯಾಕೆ ಸ್ವಾಮಿ ಓಡಿಹೋಗ್ತವೆ?"

ಬಾಚಯ್ಯನ ಮುಖ ಸಪ್ಪಗಾಯಿತು. ಎರಡು ವರ್ಷದಿಂದ ಅವನಿಗೆ ಸರಿಯಾಗಿ ನಿದ್ದೆಯಿರಲಿಲ್ಲ.

"ಗುಡ್ಡೆ ಹಾಕದ ಬೇಟೆ ಯಾರದೂ ಅಲ್ಲ," ಅಂದ ಮುದ್ದ. "ಕಟ್ಟಳೆ. ನಾನು ಗುಡ್ಡೆ ಹಾಕ್ತೀನಿ, ನೀವು ತಿರುಗಿ ನಿಂತು ಕೂಗಿ. ಇನ್ಯಾರಿದ್ದಾರೆ ಇಲ್ಲಿ?"

"ಯಾರ ಹೆಸರು ಬೇಕಾದ್ರೂ ಕೂಗಬಹುದಾ?"

"ನಿಮ್ಮ ಬಾಯಿ, ನಿಮ್ಮ ಮಾತು."

ಬಾಚಯ್ಯ ಗಡ್ಡದೊಳಗೇ ನಕ್ಕ. 'ಎಂಥ ದಡ್ಡ ಸಿಕ್ಕಿದನಪ್ಪಾ!' ಅಂದುಕೊಂಡು ಚಂಗನೆ ಬೆನ್ನು ತಿರುಗಿಸಿದ. ಮುದ್ದ ಬೀಜಗಳನ್ನು ಕುಳಿಕುಳಿಗೂ ಸಮನಾಗಿ ಹಾಕಿದ. ಕೊನೆಯ ಕುಳಿಯೊಂದನ್ನು ಖಾಲಿ ಬಿಟ್ಟ.

"ಇದು ಯಾರದು?"

"ನಂದು!"

"ಇದು ಯಾರದು?"

"ನಂದು!"

"ಇದು?"

"ನಂದು, ನಂದು!" ಬಾಚಯ್ಯ ಕುಣಿಯುವುದೊಂದು ಬಾಕಿ.

ಮುದ್ದ ಸೊಂಟದ ಗಂಟನ್ನು ತೆಗೆದು ಖಾಲಿ ಕುಳಿಯಲ್ಲಿಟ್ಟ. ಇದೊಂದನ್ನು ಬಾಚಯ್ಯ "ನಿಂದು" ಅಂದುಬಿಟ್ಟರೆ ಜಿಂಕೆಗಳೂ ಹೋದವು, ಅಕ್ಕನೂ ಹೋದಳು. ಆದರೂ ಪಾಲು ಹಾಕುವವನು ಮೋಸ ಮಾಡಬಾರದಲ್ಲ.

"ಸ್ವಾಮಿ, ಇದು ಕೊನೇದು, ಕಂಡವರ ಗುಡ್ಡೆ. ಇದೊಂದಾದ್ರೂ ಬೇರೆಯೋರಿಗೆ ಬಿಡಬಾರದಾ? ಯೋಚನೆ ಮಾಡಿ ಹೇಳಿ. ಕೂಗಿದ್ದು ಕೂಗಿದ ಹಾಗೆ."

ಬಾಚಯ್ಯ ಗಡ್ಡ ನೀವಿಕೊಂಡ.

"ಅದೂ ನಂದೇ ಕಣೋ!"

ಗಂಟು ಬಿಚ್ಚಿಕೊಂಡಿತು. ಬಯಕೆ ಬಾಚಯ್ಯನಿಗೆ ಅಂಟಿತು.

ಶಿವನೇ! ಅವನ ಹೊಟ್ಟೆ ತೊಳಸಿತು. ತಾನೇ ಹಾಕಿದ ಧೂಪದ ವಾಸನೆಗೆ ಓಕರಿಕೆ ಬಂತು. ಸೊಂಟ ಹಿಡಿದುಕೊಂಡು ಕುಕ್ಕರಿಸಿದ. "ಹುಳಿ ಏನಾದ್ರೂ ಇದೆಯೇನೋ? ಬೇಡ, ಬೇಡ... ಬಾಡು! ಜಿಂಕೆ ಬಾಡು! ಈಗಲೇ ಬೇಕು!" ಕಣ್ಣೆದುರು ಮಣೆಯ ತುಂಬ ಜಿಂಕೆ. ಆದರೆ ಎಲ್ಲಾ ಹುಣಸೆಬೀಜ. ಬೀಜವನ್ನು ಸಾರು ಮಾಡಲಿಕ್ಕಾಗುತ್ತದೆಯೇ? ಬಾಚಯ್ಯ ಹಿಂದೆಮುಂದೆ ನೋಡದೆ ತನ್ನ ಮಂತ್ರವನ್ನು ತಾನೇ ತಿರುಗಾಮುರುಗಾ ಹೇಳಿಬಿಟ್ಟ.

ಕುಳಿಕುಳಿಯಿಂದಲೂ ಜಿಂಕೆ! ಗಂಡು, ಹೆಣ್ಣು, ಮರಿ, ಚುಕ್ಕೆಚುಕ್ಕೆ ಮೈ ಒದರಿಕೊಂಡು ಎದ್ದು, ಬಾಚಯ್ಯನ ತಲೆಯ ಮೇಲಿಂದ ಹಾರಿ, ಗವಿಯ ಬಾಗಿಲು ದಾಟಿ ಓಡಿದವು. ಅವನು ಏಳಲು ಹೋದ. ಕಾಲಲ್ಲಿ ಕಸುವಿಲ್ಲ.

"ಹಿಡಿಯೋ, ಹಿಡಿಯೋ! ಅವೆಲ್ಲಾ ನಂದು!"

"ಓಡಿದ ಬೇಟೆ ಕಾಡಿನದು, ಸ್ವಾಮಿ," ಅಂದ ಮುದ್ದ, ಜಿಂಕೆಗಳ ಹಿಂದೆಯೇ ಓಡಿದ.

ಅದೇ ಗಳಿಗೆಗೆ ಇತ್ತ ಊರಿನಲ್ಲಿ ಚೆನ್ನಾಜಿ ದಡಕ್ಕನೆ ಎದ್ದು ಕೂತಳು. "ಒಂದು ಮುದ್ದೆ ಕೊಡ್ರೇ, ಹೊಟ್ಟೆ ಹಸೀತಿದೆ!" ಅಂದಳು. ಒಂದು ಉಂಡಳು, ಇನ್ನೊಂದು ಕೇಳಿದಳು. ಸೂಲಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸಾರು ಬಡಿಸಿದಳು.

ದೊರೆ ಬುರುಜು ಹತ್ತಿ ಕೊಂಬು ಊದಿದ. ಮೊದಲು ಕಣಜದ ಗೂಡು ಹೊರಗೆ ಬಂತು, ಅದರ ಹಿಂದೆ ಶಬ್ದ ಬಂತು. ಎರಡು ವರ್ಷದ ಬಾಯಾರಿಕೆ ನೋಡಿ, ಬೇಟೆ ಜೋರಾಗಿಯೇ ಆಯಿತು. ಮುದ್ದನ ಬಾಣ ದೊರೆಯ ಪೇಟ ಹೊತ್ತುಕೊಂಡು ಹೋಯಿತು. ಬೇರೆಯವರು ಕೊಂಬಿನ ಗಂಡುಗಳನ್ನು ಹೊಡೆದು ತಂದರು. ಮುತ್ತುಗದ ಎಲೆ ಹಾಸಿ ಮುದ್ದ ಗುಡ್ಡೆ ಹಾಕುತ್ತಿರುವಾಗ, ಕೋಲೂರಿಕೊಂಡು, ಸೊಂಟ ಹಿಡಿದುಕೊಂಡು, ಬಾಚಯ್ಯ ಬಂದ.

ಜನ ದೊಣ್ಣೆ ಎತ್ತಿದರು.

"ತಡೀರಿ!" ಅಂತ ಚೆನ್ನಾಜಿ ಅಡ್ಡ ಬಂದಳು. "ಆ ಮುಖ ನನಗೆ ಗೊತ್ತು. ಮೊನ್ನೆವರೆಗೂ ನನ್ನ ಮುಖಾನೂ ಹಂಗೇ ಇತ್ತು. ಬಯಕೆ ಹೊತ್ತು ಬಂದೋರನ್ನ ಬರಿಗೈಲಿ ಕಳಿಸಬಾರದು."

"ಕಂಡವರ ಗುಡ್ಡೆ ಇನ್ನೂ ಹಾಗೇ ಇದೆ," ಅಂದ ಮುದ್ದ.

ಚೆನ್ನಾಜಿ ಆ ಗುಡ್ಡೆಯನ್ನು ಅಲ್ಲೇ ಒಲೆ ಹೂಡಿ ಬೇಯಿಸಿ, ಬಾಚಯ್ಯನಿಗೆ ಕೈತುತ್ತು ಕೊಟ್ಟಳು. ಅವನು ಅಗಿದ. ಅವನ ಕಣ್ಣಿಂದ ಬಳಬಳ ನೀರು ಇಳಿಯಿತು.

"ಖಾರ," ಅಂದ. ಯಾರೂ ನಂಬಲಿಲ್ಲ.

ತುತ್ತು ಇಳಿದ ಹಾಗೆ ಬಯಕೆ ಇಳಿಯಿತು, ಬಯಕೆಯ ಜೊತೆ ಮಂತ್ರವೂ ಇಳಿದುಹೋಯಿತು. ಗಂಡಭೇರುಂಡಕ್ಕೆ ಒಂದು ಗುಡ್ಡೆ, ಹುಲಿಗಳಿಗೆ ಮೂರು ಗುಡ್ಡೆ ಕಾಡಂಚಿಗೆ ಹೋದವು. ಚಿಕ್ಕ ಹುಲಿಗೆ ತೊಡೆಯೇ ಬಂತು.

"ಅರ್ಧ ರಾಜ್ಯ ತಗೋಳಪ್ಪಾ," ಅಂದ ದೊರೆ, ಮನಸ್ಸಿಲ್ಲದ ಮನಸ್ಸಿನಿಂದ.

"ಕೊಡಿ ಬುದ್ಧೀ. ಮನೆಗೊಂದು ಗುಡ್ಡೆ ಹಾಕಿಬಿಡ್ತೀನಿ," ಅಂದ ಮುದ್ದ.

ದೊರೆ ಗಾಬರಿಯಾಗಿ ಮಾತು ಬದಲಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಮುದ್ದ ಅರಮನೆಯ ಕಣಜದ ಧಾನ್ಯಕ್ಕೂ ಪಾಲು ಹಾಕುವವನಾದ. ಆ ರಾಜ್ಯದಲ್ಲಿ ಯಾರ ಒಲೆಯೂ ತಣ್ಣಗಿರಲಿಲ್ಲ.

ಚೆನ್ನಾಜಿಗೆ ಹೆಣ್ಣು ಕೂಸು ಹುಟ್ಟಿತು. ಕಿವಿ ಸೋರಲಿಲ್ಲ. ಆದರೆ ಮಾತು ತಡವಾಯಿತು. ಓಡಾಡುವ ಹಾಗಾದರೂ ಬಾಯಲ್ಲಿ ಒಂದು ಶಬ್ದವಿಲ್ಲ. ಆ ವರ್ಷದ ಬೇಟೆಯಲ್ಲಿ ಬೆನ್ನು ತಿರುಗಿಸಿ ಕೂಗುವ ಕೆಲಸವನ್ನು ಬಾಚಯ್ಯನಿಗೆ ಕೊಟ್ಟರು. ಊರ ಹುಣಸೆಮರದ ಕೆಳಗೆ ಗುಡಿಸಲು ಕಟ್ಟಿಕೊಂಡು, ಮಕ್ಕಳ ಜೊತೆ ಅಳಗುಳಿಮಣೆ ಆಡಿಕೊಂಡಿದ್ದ ಅವನಿಗೆ ಈಗ ಊರವರ ಹೆಸರೆಲ್ಲಾ ಬಾಯಿಪಾಠ. ತನ್ನದೊಂದು ಬಿಟ್ಟು ಒಂದೊಂದಾಗಿ ಎಲ್ಲರ ಹೆಸರೂ ಕೂಗಿದ. ನಾಯಿಗಳದ್ದೂ ಕೂಗಿದ. ಉಳಿದಿದ್ದು ಒಂದೇ, ಕಂಡವರ ಗುಡ್ಡೆ. ಆ ದಿನ ದಾರಿಯಲ್ಲಿ ಯಾರೂ ಬಂದಿರಲಿಲ್ಲ.

"ಇದು ಯಾರದು?" ಅಂದ ಮುದ್ದ.

ಒಂದು ಕಾಲಕ್ಕೆ ಬಾಯಿ ತೆರೆದರೆ ಬರುತ್ತಿದ್ದ 'ನಂದು' ಅನ್ನುವ ಮಾತು ಈಗ ಬಾಚಯ್ಯನ ಬಾಯಿಗೆ ಬರಲೊಲ್ಲದು.

ಚೆನ್ನಾಜಿಯ ಕೂಸು ತಟ್ಟಾಡಿಕೊಂಡು ಹೋಗಿ ಅವನ ಪಂಚೆ ಹಿಡಿದು ಎಳೆಯಿತು. ತನ್ನ ಮೊದಲ ಮಾತು ಆಡಿತು.

"ತಾತಂದು."

ಕೂಗಿದ್ದು ಕೂಗಿದ ಹಾಗೆ. ಎಲ್ಲರೂ ಹೋ ಅಂತ ಕೂಗಿ ಒಲೆ ಹಚ್ಚಿದರು. ಅವರವರ ಗುಡ್ಡೆ ಅವರವರು ಉಂಡು ಚೆನ್ನಾಗಿದ್ದರು. ಈ ಕತೆಯ ಗುಡ್ಡೆ ನಿಮ್ಮ ಪಾಲಿಗೆ ಬಂತು.