ಚಟ್ನಿ ಅಲ್ಲ, ಚಟ್ಲಿ!

“ಬಾಗ್ಲು ತಗಿಯಮ್ಮೀ! ಏನ್ ಬೇಯ್ತಾ ಐತೆ ಒಳ್ಗೆ?”

ಮನೆ ಓನರ್ ಗಂಗರತ್ನಮ್ಮನ ಕೂಗಿಗೆ ಮತ್ತಿಕೆರೆಯ ಆ ವಠಾರದ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು, ಗುಲಾಬಿಯದೊಂದನ್ನು ಬಿಟ್ಟು!

ಒಳಗೆ ಸೀಮೆಎಣ್ಣೆ ಸ್ಟವ್ ಮೇಲೆ ಸೀಗಡಿ ಚುರುಗುಟ್ಟುತ್ತಿತ್ತು. ಕುಂದಾಪುರದಿಂದ ಮೀನಿನ ಲಾರಿಯಲ್ಲಿ ಬಂದಿದ್ದ ಅಣ್ಣ ಯಶವಂತಪುರದಲ್ಲಿ ಅವಳ ಕೈಗಿಟ್ಟು ಹೋದದ್ದು. ಬೆಳ್ಳುಳ್ಳಿ, ಖಾರದಪುಡಿ, ಹುಣಸೆಹುಳಿ, ಮೇಲೊಂದು ಉಂಡೆ ಬೆಲ್ಲ... ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಅಡುಗೆ. ಆದರೆ ಆ ಘಮ ಗುಟ್ಟಾಗಿ ಉಳಿಯುತ್ತದೆಯೇ?

ಗೊತ್ತಿದ್ದೂ ಮಾಡಿದ್ದಳು. ಅವನಿಗಾಗಿ!

ಅವನೆಂದರೆ ಎದುರು ರೂಮಿನ ಶಿವಶರಣಪ್ಪ. ಗುಲ್ಬರ್ಗಾ ಕಡೆಯವನು, ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಗುಮಾಸ್ತ. ನಲ್ಲಿಯಲ್ಲಿ ಅವಳ ಕೊಡ ತುಂಬಿದ ಮೇಲೆಯೇ ತನ್ನದನ್ನು ಇಡುತ್ತಿದ್ದ. ಮೊನ್ನೆ ಅವಳು, ಊರಿನ ಚಟ್ಲಿ ನೆನಪಾಗ್ತದೆ ಅಂದಾಗ ಅವನ ಮುಖ ಅರಳಿತ್ತು.

“ಮಾಡಿದ ದಿನ ನನ್ನೂ ಕರೀರಿ. ರೊಟ್ಟಿ ನಾ ತರ್ತೀನಿ!”

ಅವಳ ಊರಲ್ಲಿ ಚಟ್ಲಿ ಎಂದರೆ ಸೀಗಡಿ. ಕೊರಳಲ್ಲಿ ಲಿಂಗ ಕಟ್ಟಿದವನು ನನಗಾಗಿ ಸೀಗಡಿ ತಿನ್ನಲು ಒಪ್ಪಿದನೇ! ಅವತ್ತಿನಿಂದ ಗುಲಾಬಿಯ ಕಾಲು ನೆಲದ ಮೇಲಿರಲಿಲ್ಲ. ಇವತ್ತು ಬೆಳಿಗ್ಗೆಯೇ ಅವನನ್ನು ಊಟಕ್ಕೆ ಕರೆದಿದ್ದಳು.

ಈಗ ಚಿಲಕ ತೆಗೆದಳು.

“ಮೀನು ಗೀನು ಬೇಯ್ಸಿದ್ರೆ ಮನೆ ಖಾಲಿ ಅಂತ ಬರೋವಾಗ್ಲೇ ಯೋಳಿದ್ದೆ ತಾನೆ?” ಗಂಗರತ್ನಮ್ಮ ಸೆರಗು ಸಿಕ್ಕಿಸಿ ನಿಂತಿದ್ದಳು.

ರೊಟ್ಟಿ ಡಬ್ಬಿ ಹಿಡಿದು ಓಡಿಬಂದ ಶಿವಶರಣಪ್ಪ ನಡುವೆ ನಿಂತ. “ಎಲ್ಲಿ ಮೀನ್ರೀ ಅವ್ವಾರ! ಅವ್ರು ಚಟ್ನಿ ಮಾಡ್ಯಾರ. ಮೊನ್ನೇನ ನನಗ ಹೇಳ್ಯಾರ. ನಾ ಸಾಕ್ಷಿ!”

ಚಟ್ನಿ! ಗುಲಾಬಿ ಶಿವಶರಣಪ್ಪನತ್ತ ತಿರುಗಿದಳು. ಹಾಗಾದರೆ ಇವರು ಕೇಳಿಸಿಕೊಂಡದ್ದು ಚಟ್ನಿ ಅಂತ...

“ಲಿಂಗ ಕಟ್ಟಿರೋನು ನೀನೇ ಯೋಳ್ತಿದೀಯ ಅಂದ್ಮೇಲೆ...” ಗಂಗರತ್ನಮ್ಮ ಅರೆಮನಸ್ಸಿನಿಂದ ಮೆತ್ತಗಾದಳು.

ಒಂದು ‘ಹೂಂ’ ಅಂದರೆ ಸಾಕು. ರೂಮೂ ಉಳಿಯುತ್ತದೆ, ಅವನೂ ಉಳಿಯುತ್ತಾನೆ. ಆದರೆ ಇವತ್ತು ಬಚ್ಚಿಟ್ಟರೆ ಆಯುಷ್ಯವಿಡೀ ಬಚ್ಚಿಡುತ್ತಲೇ ಇರಬೇಕಲ್ಲ!

ಗುಲಾಬಿ ಬಾಣಲೆಯನ್ನೇ ಎತ್ತಿ ತಂದು ಹೊಸ್ತಿಲಲ್ಲಿ ಕುಕ್ಕಿದಳು.

“ಕಾಣಿ! ಚಟ್ನಿ ಅಲ್ಲ, ಚಟ್ಲಿ. ಸೀಗಡಿ! ನಾನು ಮೀನು ಹಿಡಿಯುವವರ ಮಗಳು. ನಿಮ್ಮನೆ ಕೋಳಿ ಸಾರಿನ ವಾಸನೆ ನನ್ನ ದಿಂಬಿಗೂ ಹತ್ತಿದೆ ಗಂಗರತ್ನಮ್ಮಾ. ಯಾವತ್ತಾದ್ರೂ ನಿಮ್ಮ ಬಾಗಿಲು ಬಡಿದಿದ್ನಾ?”

“ಓಹೋ! ತಿಂಗ್ಳು ತುಂಬ್ತಿದ್ದಂಗೆ ಮನೆ ಖಾಲಿ ಮಾಡು!”

“ಮಾಡ್ತೆ. ಆದ್ರೆ ಇವತ್ತು ಉಂಡೇ ಉಣ್ತೆ. ಬಾಗಿಲು ತೆಗೆದಿಟ್ಟೇ ಉಣ್ತೆ!”

ಶಿವಶರಣಪ್ಪ ಬಿಳುಚಿಕೊಂಡಿದ್ದ. ಬಾಣಲೆ ನೋಡಿದ, ಅವಳನ್ನು ನೋಡಿದ, ತನ್ನ ರೂಮಿಗೆ ಹೊರಟುಬಿಟ್ಟ.

ಹೋಗಲಿ! ಸಮುದ್ರ ಕಂಡವಳು ನಾನು, ಇಷ್ಟಕ್ಕೆಲ್ಲ ಮುಳುಗುತ್ತೇನೆಯೇ?

ಅನ್ನ ಬಡಿಸಿಕೊಂಡಳು. ಸಿಹಿ, ಖಾರ ಎರಡೂ ಹದವಾಗಿ ಬಿದ್ದಿದ್ದವು. ಆದರೂ ಅನ್ನವನ್ನು ಕಲಸುತ್ತಲೇ ಕೂತಳು. ತುಂಬಾ ನೋವಾಗಿತ್ತು ಅವಳಿಗೆ.

ಹೊಸ್ತಿಲಲ್ಲಿ ತಟ್ಟೆಯ ಸದ್ದಾಯಿತು. ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಅವನೇ ನಿಂತಿದ್ದ!

“ಹೋದ್ರಲ್ಲಾ ನೀವು...”

“ತಾಟು ತರಾಕ ಹೋಗಿದ್ದೆ. ನಿಮ್ಮ ಚಟ್ಲಿ ನಾ ತಿನ್ನಂಗಿಲ್ರೀ, ನನ್ನ ಕೈಲಿ ಆಗಂಗಿಲ್ಲ. ನನಗಾಗಿ ನೀವೂ ಬಿಡಬ್ಯಾಡ್ರಿ. ಆದ್ರ... ಒಬ್ಬಾಕಿನ ಕುಂತು ಉಣಬ್ಯಾಡ್ರಿ.”

ವಠಾರವೆಲ್ಲ ನೋಡುತ್ತಿರುವಂತೆಯೇ ಚಕ್ಕಳಮಕ್ಕಳ ಹಾಕಿ ಅವಳೆದುರು ಕೂತ.

“ಎಷ್ಟು ದಿನ ಹೀಗೆ ಕೂತ್ಕೊಳ್ತ್ರಿ?”

“ಲಗ್ನ ಆಗಿ ಬ್ಯಾರೆ ಮನಿ ಮಾಡೂಣ್ರಿ. ಎರಡು ಒಲಿ ಇರೋ ಮನಿ.”

ಗುಲಾಬಿಯ ಕಣ್ಣು ತುಂಬಿ ಬಂತು. “ಎರಡೆಂತಕ್ಕೆ?”

“ಒಂದು ನಿಮ್ಮ ಚಟ್ಲಿಗಿ, ಒಂದು ನನ್ನ ಚಟ್ನಿಗಿ.”

“ಚಟ್ನಿಗೆ ಒಲೆ ಎಂತಕ್ಕೆ ಮರಾಯ್ರೆ!”

ಅವನು ತಬ್ಬಿಬ್ಬಾದ. ಆಮೇಲೆ ಮೆಲ್ಲಗೆ ನಕ್ಕ.

“ಹಂಗಾರ... ಒಂದ ಒಲಿ ಸಾಕಲ್ರಿ.”