ಬೇವಿನ ಟೊಂಗೆಯ ಕರಡಿಗೆ

೧೯೩೪ರ ಜನವರಿಯ ಒಂದು ಬೆಳಗ್ಗೆ, ಪುಣೆ ಜಿಲ್ಲೆಯ ಇಂದಾಪುರ ಠಾಣೆಯ ಕಸ ಹೊಡೆಯುವುದು ಇನ್ನೂ ಮುಗಿದಿರಲಿಲ್ಲ, ಗೌರಾಬಾಯಿ ಬಂದು ಮೆಟ್ಟಿಲ ಮೇಲೆ ಕುಸಿದಳು. ಅವಳ ಗಂಡ ಧೋಂಡಿಬಾ ನಸುಕಿನಲ್ಲಿ ಯಾರೋ ಸೇಠನಿಗೆ ಚಿಗರಿ ಬೇಟೆ ಆಡಿಸಲು ಹೋದವನು ಗುಂಡು ತಿಂದು ಸತ್ತಿದ್ದ. ಯಾವ ಸೇಠ ಎಂದರೆ ಗೊತ್ತಿಲ್ಲ. ಹೆಂಡತಿಗೂ ಹೆಸರು ಹೇಳಕೂಡದೆಂದು ಆ ಮಹಾನುಭಾವ ಆಣೆ ಹಾಕಿಸಿಕೊಂಡಿದ್ದನಂತೆ.

ಫೌಜದಾರ ಶಿವರುದ್ರಪ್ಪ ಎಫ್.ಐ.ಆರ್. ಬರೆಸಿ, ಸಾಕ್ಷಿಗೆ ಪಂಚರನ್ನು ಕರೆದುಕೊಂಡು ಕೆರೆಯ ಕಡೆ ನಡೆದ. ಹುಣಸೆ ಮರದ ಮೇಲೆ ಧೋಂಡಿಬಾನೇ ಕಟ್ಟಿದ ಅಟ್ಟಣೆ, ಅದರ ಬುಡದಲ್ಲಿ ಬಂದೂಕಿನ ಒಂದು ಖಾಲಿ ತೋಟೆ. ಅಲ್ಲಿಂದ ಹೆಣ ಬಿದ್ದಿದ್ದ ಬಂಡಿದಾರಿಯ ತನಕ ರಕ್ತದ ಗೆರೆ ಹೋಗಿತ್ತು. ಮನುಷ್ಯ ತಕ್ಷಣ ಸತ್ತಿರಲಿಲ್ಲ, ತೆವಳಿದ್ದ. ಹೊತ್ತಿಗೆ ಸರಿಯಾಗಿ ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರರೂ ಅಂದರು. ತಾಲೂಕಿನ ಲೈಸೆನ್ಸಿನ ಬಂದೂಕುಗಳೆಲ್ಲ ಕೈಯಿಂದ ಕೈಗೆ ತಿರುಗುವಂಥವು, ಆ ದಾರಿಯಿಂದ ಏನೂ ಸಿಗಲಿಲ್ಲ.

ಸಂಜೆ ಶಿವರುದ್ರಪ್ಪ ಎಂದಿನಂತೆ ಗೂಳಪ್ಪನವರ ಮನೆಗೆ ಊಟಕ್ಕೆ ಹೋದ. ವಿಜಾಪುರ ಕಡೆಯಿಂದ ಬಂದು ಇಲ್ಲಿ ಅರಿವೆ ಅಂಗಡಿ ಹಾಕಿದ್ದ ಗೂಳಪ್ಪ ಊರಿನ ಲಿಂಗಾಯತರ ಮಠಕ್ಕೆ ಹಿರಿಯರು. ಫೌಜದಾರ ಬದಲಿಯಾಗಿ ಬಂದ ದಿನವೇ ನಮ್ಮವನೆಂದು ಕೈ ಹಿಡಿದು ಒಳಗೆ ಕರೆದು ಪಂಕ್ತಿಯಲ್ಲಿ ಕೂರಿಸಿಕೊಂಡಿದ್ದರು. ಅಂದಿನಿಂದ ಅವನಿಗೆ ಅವರು ಕಾಕಾ. ಆ ಸಂಜೆ ಮಾತ್ರ ಕಾಕಾ ಎಲೆಯ ಮುಂದೆ ಕೂಡಲಿಲ್ಲ. ಹೊಟ್ಟೆ ನೆಟ್ಟಗಿಲ್ಲ ಎಂದರು. ಬಿಸಿ ನೀರನ್ನಾದರೂ ಕುಡಿಯಿರಿ ಎಂದು ಹೆಂಡತಿ ಶಿವಗಂಗವ್ವ ತಂದರೆ ಅದನ್ನೂ ಒಲ್ಲೆ ಎಂದರು. ಶಿವರುದ್ರಪ್ಪ ಮಾತ್ರ ನಾಲ್ಕು ರೊಟ್ಟಿ ಹೊಡೆದು ಎದ್ದ.

ಮರುದಿನ ನಸುಕಿಗೆ ಕಾನ್‌ಸ್ಟೆಬಲ್ ರಘುರಾಮನೊಂದಿಗೆ ಮತ್ತೆ ಅಟ್ಟಣೆಗೆ ಹೊರಟ. ಚಿಗರಿಯ ಮೂಗಿಗೆ ಮನುಷ್ಯನ ವಾಸನೆ ಬಡಿಯಬಾರದು. ಹಾಗಾಗಿ ಬೇಟೆಗಾರ ಬಂಡಿದಾರಿ ಬಿಟ್ಟು, ಗಾಳಿಗೆ ಎದುರಾಗಿ ಹಳ್ಳದೊಳಗಿಂದಲೇ ಬಂದಿರಬೇಕು. ಇವರೂ ಲಾಟೀನು ಹಚ್ಚದೆ ಹಾಗೇ ನಡೆದರು. ಥಂಡಿಗೆ ಹಲ್ಲು ಕಟಕಟ ಅನ್ನುತ್ತಿದ್ದವು, ಕಾಲಡಿಯ ಕಲ್ಲು ಜಾರುತ್ತಿದ್ದವು. ಫೌಜದಾರ ಅಟ್ಟಣೆ ಹತ್ತಿ ಕುಳಿತು, ರಘುರಾಮನಿಗೆ ಕೆಳಗೆ ಪೊದೆಯಲ್ಲಿ ಓಡಾಡಲು ಹೇಳಿದ. ಎಷ್ಟು ಕಣ್ಣರಳಿಸಿದರೂ ಮನುಷ್ಯನೋ ಮೃಗವೋ ತಿಳಿಯಲೊಲ್ಲದು. ಅಂದಮೇಲೆ ಗುಂಡು ಹೊಡೆದದ್ದು ತಪ್ಪಿ ಇರಬಹುದು. ಬಿಟ್ಟು ಹೋದದ್ದು ತಪ್ಪಿ ಅಲ್ಲ.

ಬೆಳಕು ಹರಿದಾಗ ಹಳ್ಳದ ದಂಡೆಯ ಬೇವಿನ ಟೊಂಗೆಯಲ್ಲಿ ಮಡಿ ಬಟ್ಟೆಯ ಒಂದು ಗಂಟು ಕಂಡಿತು. ಬಿಚ್ಚಿದರೆ ದಾರದ ಸಮೇತ ಬೆಳ್ಳಿಯ ಪುಟ್ಟ ಡಬ್ಬಿ. ನಶ್ಯದ್ದೇನು ಎಂದು ರಘುರಾಮ ಕೇಳಿದ.

ಅದು ಕರಡಿಗೆ. ಲಿಂಗಾಯತ ತನ್ನ ಲಿಂಗವನ್ನು ಎದೆಯ ಮೇಲೆ ಧರಿಸುವುದು ಅದರಲ್ಲೇ. ಸಾಯುವ ತನಕ ಮೈಯಿಂದ ತೆಗೆಯುವಂತಿಲ್ಲ. ತಪ್ಪಿ ಕಳೆದರೆ ಸಿಗುವವರೆಗೆ ಗಂಟಲಿಗೆ ಹನಿ ನೀರು ಇಳಿಸುವಂತಿಲ್ಲ. ಜೀವ ತೆಗೆಯುವುದನ್ನು ದೇವರು ನೋಡದಿರಲಿ ಎಂದು ದೇವರನ್ನೇ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದಾನಲ್ಲ ಭೂಪ! ಹಾಗೆ ಅಂದುಕೊಳ್ಳುತ್ತಿದ್ದಂತೆಯೇ ಶಿವರುದ್ರಪ್ಪನಿಗೆ ನಿನ್ನೆ ಕಾಕಾ ಒಲ್ಲೆ ಎಂದ ನೀರಿನ ತಂಬಿಗೆ ನೆನಪಾಯಿತು.

ಪಂಚನಾಮೆಗೆ ಏನೆಂದು ಬರೆಯಲಿ ಎಂದು ರಘುರಾಮ ಕೇಳಿದ.

"ಬೆಳ್ಳಿ ಡಬ್ಬಿ ಅಂತ ಬರಿ," ಅಂದ ಫೌಜದಾರ.

ತನ್ನ ಜನದ ಮಾನ, ತಾನು ಉಂಡ ಮನೆಯ ಮಾನ. ಸದ್ದಿಲ್ಲದೆ ಕಾಕಾನ ಕಟ್ಟೆಯ ಮೇಲೆ ಇಟ್ಟು ಬಂದರೆ ಯಾರಿಗೂ ತಿಳಿಯದು, ಪ್ರಕರಣ ಪತ್ತೆಯಾಗದ ಕಡತಗಳ ಜೊತೆ ಮಲಗುತ್ತದೆ. ಇಷ್ಟೆಲ್ಲ ಯೋಚಿಸುತ್ತ ರಕ್ತದ ಗೆರೆಯ ಪಕ್ಕದಲ್ಲೇ ನಡೆದು ಬಂದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಧ್ಯಾಹ್ನ ಗೂಳಪ್ಪನವರ ಮನೆಗೆ ಹೋಗಿ ಶಿವಗಂಗವ್ವನನ್ನು ಹೊರಗೆ ಕಳಿಸಿ, ಗಂಟನ್ನು ಮಣೆಯ ಮೇಲಿಟ್ಟ. ಮಲಗಿದ್ದ ಗೂಳಪ್ಪ ಎದ್ದು ಕುಳಿತರು. ತುಟಿ ಒಡೆದಿದ್ದವು.

"ಕಾಕಾ, ಧೋಂಡಿಬಾ ಒದರಿದ್ನೇನ್ರಿ?"

"ಒದರಲಿಲ್ಲಪಾ. ನೀರು ಕೇಳಿದ."

"ಕೊಟ್ರ್ಯಾ?"

"ಇಲ್ಲ. ಕೆಳಗಿಳದು ಮಗ್ಗಲಕ್ಕ ನಿಂತೆ. ಮಂದಿನ ಕರೀಬೇಕು ಅನ್ಸಿತು. ಕರದ್ರ, ಮಠದ ಹಿರಿಯಾ ಬಂದೂಕು ಹಿಡಕೊಂಡು ಇಲ್ಲ್ಯಾಕ ಬಂದಿದ್ದ ಅಂತ ಕೇಳ್ತಾರ. ಬಂಡಿ ಸಪ್ಪಳಾತು, ಓಡಿದೆ. ಮನಿಗೆ ಬಂದ ಮ್ಯಾಲ ಎದಿ ಮುಟ್ಟಿ ನೋಡ್ಕೊಂಡೆ, ಲಿಂಗಪ್ಪ ಇಲ್ಲ. ಟೊಂಗಿಗೆ ಕಟ್ಟಿದ್ದು ಅಲ್ಲೇ ಮರತು ಬಂದಿದ್ದೆ."

ಪೂಜೆ ಮಾಡಿ ನೀರು ಕುಡಿಯಿರಿ, ಆಮೇಲೆ ಹೋಗೋಣ ಎಂದ ಶಿವರುದ್ರಪ್ಪ. ಅವರು ಗಂಟಿನ ತನಕ ಕೈ ಚಾಚಿ ಹಿಂದಕ್ಕೆಳೆದುಕೊಂಡರು.

"ಬ್ಯಾಡಪಾ. ಯಾವ ಮುಖ ಇಟ್ಕೊಂಡು ಮುಟ್ಟಲಿ?"

ಫೌಜದಾರ ಪಂಚರನ್ನು ಕರೆಸಿ, ಪಂಚನಾಮೆಯಲ್ಲಿ 'ಬೆಳ್ಳಿ ಡಬ್ಬಿ' ಎಂಬುದನ್ನು ಹೊಡೆದುಹಾಕಿ, 'ಇಷ್ಟಲಿಂಗದ ಕರಡಿಗೆ' ಎಂದು ತನ್ನ ಕೈಯಾರೆ ತಿದ್ದಿ ಸಹಿ ಹಾಕಿದ. ಪಂಚರ ಎದುರಿಗೆ ತಿದ್ದುವಾಗ ಅವನ ಕಿವಿ ಕಾದಿದ್ದವು. ಗೂಳಪ್ಪನವರಿಗೆ ಧೋಂಡಿಬಾನ ಮೇಲೆ ದ್ವೇಷವಿರಲಿಲ್ಲ. ನಾಲ್ಕು ಜನ ಏನಂದಾರೋ ಎಂಬ ಅಂಜಿಕೆಯೇ ಅವರ ಕಾಲು ಓಡಿಸಿತ್ತು.

ಅವರನ್ನು ಕರೆತಂದಾಗ ಠಾಣೆಯ ಮೆಟ್ಟಿಲಲ್ಲಿ ಗೌರಾಬಾಯಿ ಆ ದಿನವೂ ಬಂದು ಕುಳಿತಿದ್ದಳು. ಮುದುಕ ತೊಡರಿದ್ದನ್ನೂ ಅವನ ಒಣಗಿದ ಬಾಯನ್ನೂ ನೋಡಿದವಳೇ, ಯಾರೆಂದು ಕೇಳದೆ, ತನ್ನ ತಂಬಿಗೆಯಿಂದ ನೀರು ಬಗ್ಗಿಸಿ ಮುಂದೆ ಹಿಡಿದಳು.

ಗೂಳಪ್ಪ ಅಲ್ಲೇ ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ಅವರು ಯಾರೆಂದು ಅವಳಿಗೆ ಹೇಳುವ ಕೆಲಸ ಶಿವರುದ್ರಪ್ಪನ ಪಾಲಿಗೆ ಬಂತು.