ಪಂಪಿನ ಜಾಗದ ಪೀರ

ಯುದ್ಧದಲ್ಲಿ ಕಾಲು ಕಳೆದುಕೊಂಡದ್ದಕ್ಕೆ ಸರಕಾರ ಸತ್ಯಪ್ಪನಿಗೆ ಪೆಟ್ರೋಲ್ ಪಂಪು ಕೊಟ್ಟಿತು. ಎರಡೂ ಕಾಲು ನೆಟ್ಟಗಿದ್ದ ಬಾಳಾಸಾಹೇಬನಿಗೆ ಏನೂ ಕೊಡಲಿಲ್ಲ. ಈ ಅನ್ಯಾಯವನ್ನು ಬಾಳಾಸಾಹೇಬ ಹೊಟ್ಟೆಯೊಳಗೆ ಎಷ್ಟು ತಿರುವಿ ಹಾಕಿದರೂ ಅದು ಅರಗಲಿಲ್ಲ.

ಸತ್ಯಪ್ಪ ಅಂದರೆ ಯಾರು? ಖಾನಾಪುರದ ಆಚೆ ಬಾಳಾಸಾಹೇಬನ ವಾಡೆಯಲ್ಲಿ ಎಮ್ಮೆಗಳ ಮೈ ತೊಳೆಯುತ್ತಿದ್ದ ಆಳಿನ ಮಗ. ಪಲ್ಟನ್ ಸೇರಿದ, ಎಪ್ಪತ್ತೊಂದರ ಯುದ್ಧಕ್ಕೆ ಹೋದ, ಬಲಗಾಲನ್ನು ಅಲ್ಲೇ ಬಿಟ್ಟು ಮರದ ಕಾಲಿನ ಮೇಲೆ ಮನೆಗೆ ಬಂದ. ಇಂಥವರಿಗೆ ಪಂಪು ಕೊಡುವ ಯೋಜನೆಯಲ್ಲಿ ಅವನ ಹೆಸರು ಬಂತು. ಬರಲಿ, ಬಾಳಾಸಾಹೇಬನದೇನೂ ತಕರಾರಿಲ್ಲ. ಆ ಕುಂಟ ತನ್ನ ಪಂಪನ್ನು ಖಾನಾಪುರದ ಕಾಡಂಚಿನಲ್ಲಿ ಹಾಕಿಕೊಂಡಿದ್ದರೆ ಬಾಳಾಸಾಹೇಬ ತಾನೇ ಹೋಗಿ ಹಾರ ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಆದರೆ ಸತ್ಯಪ್ಪ ಆರಿಸಿದ ಜಾಗ ಯಾವುದು? ಬೆಳಗಾವಿಯ ಉದ್ಯಮಬಾಗಕ್ಕೆ ಹೋಗುವ ದಾರಿಯಲ್ಲಿ, ಬಾಳಾಸಾಹೇಬ ಅಪ್ಪನ ಹೆಸರಿಟ್ಟು ಎಬ್ಬಿಸಿದ ಶಾಪಿಂಗ್ ಸೆಂಟರಿನ ಎದೆಯ ಮುಂದೆ! ಸತ್ಯಪ್ಪನಿಗೆ ಹೆಂಡತಿಯ ತವರಿನಿಂದ ಬಂದ ಮುಳ್ಳುಕಂಟಿಯ ಮೂಲೆ ಅದು. ಇಂದಲ್ಲ ನಾಳೆ ತನ್ನ ಬಾಯಿಗೇ ಬೀಳುತ್ತದೆ ಎಂದು ಬಾಳಾಸಾಹೇಬ ಕಾದು ಕುಂತಿದ್ದ ಮೂಲೆ. ಅಲ್ಲಿ ಪಂಪು ಎದ್ದರೆ, ಎಮ್ಮೆ ತೊಳೆದವನ ಮಗ ಕುರ್ಚಿ ಹಾಕಿಕೊಂಡು ಕುಂತಿರುತ್ತಾನೆ, ಬಾಳಾಸಾಹೇಬ ಜೀಪು ತಗೊಂಡು ಹೋಗಿ ಅವನ ಮುಂದೆ ಹಾರ್ನು ಹಾಕಬೇಕು.

ಏಳದಿದ್ದರೆ? ಅದರ ಲೆಕ್ಕವೇ ಬೇರೆ. ಈ ರಸ್ತೆಗೊಂದು ಪಂಪು ಬೇಕೇಬೇಕು ಎಂದು ಎಣ್ಣೆ ಕಂಪನಿ ಹಟ ಹಿಡಿದಿತ್ತು. ಮೂಲೆ ಜಾಗ ತಪ್ಪಿದರೆ ಉಳಿಯುವುದು ಶಾಪಿಂಗ್ ಸೆಂಟರಿನ ಅಂಗಳವೊಂದೇ. ಆಮೇಲೆ ಹಾರ್ನು ಹಾಕುವವರು ಬೇರೆ, ಕುರ್ಚಿಯಲ್ಲಿ ಕೂರುವವರು ಬೇರೆ.

ನಗರದ ನಕ್ಷೆಯಲ್ಲಿ ಆ ಮೂಲೆ ಮನೆ ಕಟ್ಟಲು ಮೀಸಲಾದ ಜಾಗ. ಪಂಪಿಗೆ ಬಿಡಬೇಕಾದರೆ ಯೋಜನಾ ಸಮಿತಿ ತಕರಾರು ಕೇಳಿ, ಸ್ಥಳ ನೋಡಿ, ಹೂಂ ಅನ್ನಬೇಕು. ತಕರಾರಿನ ದಿನ ಬಾಳಾಸಾಹೇಬ ಇಸ್ತ್ರಿ ಮಾಡಿದ ಧೋತರ ಉಟ್ಟು ಹೋಗಿ ಗಂಟಲು ಹರಿಯುವಂತೆ ಮಾತಾಡಿದ. ಬೆಂಕಿ ಬೀಳುತ್ತದೆ ಅಂದ. ಅಂಗಡಿಗೆ ಬರುವ ಹೆಣ್ಣುಮಕ್ಕಳ ಸೀರೆಗೆ ಎಣ್ಣೆಯ ನಾತ ಹತ್ತುತ್ತದೆ ಅಂದ. ಯೋಜನಾಧಿಕಾರಿ ಆಕಳಿಸಿದ.

"ಬೆಂಕಿಗೆ ಮರಳಿನ ಬಕೀಟು ಇಡ್ತಾರ್ರಿ. ನಾತಕ್ಕ ಕಾಯ್ದೆಯೊಳಗ ಏನೂ ಬರದಿಲ್ಲ. ಮುಂದಿನವ್ರು ಬರ್ರಿ."

ಆ ಅವಮಾನದಲ್ಲೇ ಬಾಳಾಸಾಹೇಬನಿಗೆ ಗೋಡೆಯ ಮೇಲಿನ ಪಂಪಿನ ನಕ್ಷೆ ಕಂಡಿತು. ಪೆಟ್ರೋಲ್ ಟಾಕಿ ಹೂಳಲು ಆ ಜಾಗದಲ್ಲಿ ಇದ್ದದ್ದು ಒಂದೇ ಪಟ್ಟಿ ಮಣ್ಣು: ರಸ್ತೆಯ ಅಂಚಿನಿಂದ ಹಿಂದಿನ ಬೇವಿನ ಮರದವರೆಗೆ. ಉಳಿದದ್ದೆಲ್ಲ ಕರಿಬಂಡೆ. ಆ ಪಟ್ಟಿಯಲ್ಲಿ ಗುದ್ದಲಿ ಬೀಳದಂತೆ ಮಾಡಿದರೆ ಪಂಪು ಸತ್ತಂತೆಯೇ.

ಹಾಗಾದರೆ ಅಲ್ಲಿ ಏನಿರಬೇಕು? ಗುಡಿ ಸಾಲದು. ಶಾಪಿಂಗ್ ಸೆಂಟರಿಗೆ ಅಡ್ಡ ಬಂದ ಹನುಮಪ್ಪನನ್ನು ಬಾಳಾಸಾಹೇಬನೇ ಒಂದು ಹೋಮ, ಒಂದು ಊಟದಲ್ಲಿ ಮುಗಿಸಿ ರಸ್ತೆಯಾಚೆ ಕುಳ್ಳಿರಿಸಿದ್ದ. ದೇವರು ಕರೆದರೆ ಏಳುತ್ತಾನೆ. ಏಳದವನು ಸತ್ತವನೊಬ್ಬನೇ. ಗೋರಿ ಬೇಕು. ಅದೂ ಒಬ್ಬ ಪೀರನ ಗೋರಿ. ಅದನ್ನು ಮುಟ್ಟುವ ಎದೆ ಯಾವ ಅಧಿಕಾರಿಗೂ ಇಲ್ಲ.

ಗೋರಿಯ ವಿಷಯ ತಿಳಿದವರನ್ನು ಕೇಳಬೇಕೇನೋ ಎಂಬ ಯೋಚನೆ ಒಂದು ಗಳಿಗೆ ಬಂತು, ಬಂದ ಹಾಗೇ ಹೋಯಿತು. ಕೇಳುವುದೇನಿದೆ? ಹೆಣ ಸುಡುವ ಜನ ಬೇಕಾದರೆ ಕೇಳಲಿ. ಬಾಳಾಸಾಹೇಬನ ಕುಲದಲ್ಲಿ ಹೂಳುತ್ತಾರೆ. ಅಪ್ಪನ ಹೆಣವನ್ನು ಹೂವಿನ ವಿಮಾನದಲ್ಲಿ ಕುಳ್ಳಿರಿಸಿ ಮೆರೆಸಿ, ಕುಣಿಯೊಳಗೆ ಪದ್ಮಾಸನ ಹಾಕಿಸಿ, ಕೈಗೆ ಲಿಂಗ ಕೊಟ್ಟು, ವಿಭೂತಿ ಸುರಿದು ಮುಚ್ಚಿದವನು ಅವನೇ. ಮಣ್ಣಿನ ಮಾತು ಅವನಿಗೆ ಯಾರು ಹೇಳಿಕೊಡಬೇಕು?

ಕಲ್ಲುಗಳು ವಾಡೆಯಿಂದಲೇ ಬಂದವು. ದನದ ಕೊಟ್ಟಿಗೆಯ ಹಳೆಯ ಮೆಟ್ಟಿಲು. ಅಜ್ಜನ ಕಾಲದಿಂದ ಗೊರಸು ತಾಗಿ ಅಂಚು ಸವೆದು ಮೈ ನುಣ್ಣಗಾದ ಕರಿಕಲ್ಲು. ಹೊಸ ಕಲ್ಲು ತಂದು ಸಿಕ್ಕಿಬೀಳಲು ಬಾಳಾಸಾಹೇಬ ಹುಚ್ಚನೇ? ಮಳೆಗಾಲವಿಡೀ ಅವಕ್ಕೆ ಮಜ್ಜಿಗೆ ಸವರಿಸಿದ. ಪಾಚಿ ನೂರು ವರ್ಷದ ಗತ್ತಿನಲ್ಲಿ ಹತ್ತಿಕೊಂಡಿತು. ಯಾಕೆ ಏನು ಎಂದು ಕೇಳದೆ ಮಜ್ಜಿಗೆ ಸವರಿದವನು ಲಾರಿ ಓಡಿಸುವ ಬಂಡೆಪ್ಪ.

ಗಣಪತಿ ಕಳಿಸುವ ದಿನವನ್ನೇ ಆರಿಸಿದ್ದು ಬಾಳಾಸಾಹೇಬನ ಬುದ್ಧಿಯ ಕಳಶ. ಅವತ್ತು ಇಡೀ ಬೆಳಗಾವಿ ಮೆರವಣಿಗೆಯಲ್ಲಿರುತ್ತದೆ, ಪೊಲೀಸರೂ ಅಲ್ಲೇ. ಉದ್ಯಮಬಾಗದ ಫೌಂಡ್ರಿಗಳ ಬಾಗಿಲು ಮುಚ್ಚಿರುತ್ತದೆ. ಲಾರಿಗೆ ಮಾವಿನ ತೋರಣ ಕಟ್ಟಿಸಿ, ತಾಡಪತ್ರಿಯ ಮೇಲೆ ಗುಲಾಲು ಎರಚಿಸಿದ. ಖಾನಾಪುರದಿಂದ ಬರುವ ದಾರಿಯುದ್ದ ಜನ ಲಾರಿ ಕಂಡು ಮೋರಯಾ ಎಂದು ಕೂಗಿದರು, ಬಾಳಾಸಾಹೇಬ ಮುಂದಿನ ಸೀಟಿನಿಂದ ಕೈ ಬೀಸಿದ. ಗಣಪತಿಯ ವೇಷದಲ್ಲಿ ಪೀರ ಊರೊಳಗೆ ಬಂದ. ಅದು ಬಿರುಬಿಸಿಲಿನ ಮಧ್ಯಾಹ್ನ. ಕಳ್ಳತನಕ್ಕೆ ಕತ್ತಲೆ ಬೇಕೆನ್ನುವವರು ದಡ್ಡರು.

ಮುಳ್ಳುಕಂಟಿಯ ನಡುವೆ ಕಲ್ಲು ಇಳಿಸುವಾಗ ಬಂಡೆಪ್ಪ ಬೆವರು ಒರೆಸಿಕೊಂಡು ಮೊದಲ ಸಲ ಬಾಯಿ ತೆರೆದ.

"ಸಾವ್ಕಾರ್ರ, ಒಳಗ ಯಾರ್ನರ ಇಡೂದೈತೇನ್ರಿ?"

"ಯಾಕಲೇ, ನೀ ಮಲಗ್ತೀ ಏನು?"

ಬಂಡೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ್ರೀ ಯಪ್ಪಾ. ಮತ್ತ ಕಲ್ಲು ಹೆಂಗ ಇಡೂನ್ರಿ? ಉದ್ದಕೋ, ಅಡ್ಡಕೋ?"

"ಟಾಕಿ ಹೆಂಗ ಮಲಗತೈತೋ ಹಂಗ ಮಲಗ್ಲಿ ಪೀರ," ಎಂದ ಬಾಳಾಸಾಹೇಬ. ತನ್ನ ಮಾತಿಗೆ ತಾನೇ ನಕ್ಕ.

ಹಾಗಾಗಿ ಗೋರಿ ರಸ್ತೆಯಿಂದ ಬೇವಿನ ಮರದ ಕಡೆಗೆ ಚಾಚಿಕೊಂಡಿತು. ರಸ್ತೆಯ ತುದಿಯಲ್ಲಿ ತಲೆ, ಅಲ್ಲೊಂದು ದೀಪದ ಗೂಡು. ಟಾಕಿಗೆ ಒಂದು ಮೊಳ ಜಾಗವೂ ಉಳಿಯಲಿಲ್ಲ. ಕೆಲಸ ಮುಗಿದಾಗ ಸಂಜೆಯಾಗಿತ್ತು. ಸೂರ್ಯ ಬೇವಿನ ಮರದ ಹಿಂದೆ, ಗೋರಿಯ ಆ ತುದಿಗೆ ಸರಿಯಾಗಿ ಇಳಿಯುತ್ತಿದ್ದ. ಪಾಚಿಯ ಮೇಲೆ ಕೆಂಪು ಬೆಳಕು ಉದ್ದಕ್ಕೆ ಹರಿದಿತ್ತು. ಅಳತೆ ಹಿಡಿದು ಮಾಡಿಸಿದ ಹಾಗೆ ಶೋಭಿಸುತ್ತದೆ ಎಂದು ಬಾಳಾಸಾಹೇಬ ಮೀಸೆ ಸವರಿಕೊಂಡ.

ದಸರೆ ಕಳೆದ ಮೇಲೆ ಬಾಳಾಸಾಹೇಬನಿಗೆ ನೆರೆಹೊರೆಯ ಮೇಲೆ ಪ್ರೀತಿ ಉಕ್ಕಿತು. ಪಾಪ, ಸತ್ಯಪ್ಪ ಕುಂಟ, ದೂರದ ಖಾನಾಪುರದಲ್ಲಿರುವವನು. ಅವನ ಜಾಗದ ಮುಳ್ಳನ್ನು ತಾನೇ ಕಡಿಸಿ ಕೊಟ್ಟರಾಯಿತು. ಕಡಿಸಿದ. ಗೋರಿ ಕಂಡಿತು. ಬಾಳಾಸಾಹೇಬ ಎಲ್ಲರಿಗಿಂತ ಜೋರಾಗಿ ಬೆರಗಾದ, ಆಮೇಲೆ ಅಜ್ಜ ಹೇಳುತ್ತಿದ್ದ ಕತೆಯೊಂದು ಅವನಿಗೆ ಥಟ್ಟನೆ ನೆನಪಾಯಿತು. ಘಟ್ಟ ಹತ್ತುವ ವ್ಯಾಪಾರಿಗಳ ಕುಂಟ ಕುದುರೆಗಳನ್ನು ಕೈ ಸವರಿ ವಾಸಿ ಮಾಡುತ್ತಿದ್ದ ಫಕೀರ, ಕುದುರಿ ಪೀರ! ಈಗ ಊರಲ್ಲಿ ಕುದುರೆಗಳಿಲ್ಲ, ಕುಂಟ ಕುದುರೆ ತಂದು ಪರೀಕ್ಷೆ ಮಾಡುವವರೂ ಇಲ್ಲ. ಸುಳ್ಳು ಅಂದರೆ ಹೀಗೆ ಗಟ್ಟಿ ತಳಪಾಯದ ಮೇಲೆ ನಿಲ್ಲಬೇಕು.

ಎರಡೇ ವಾರದಲ್ಲಿ ಪೀರ ಬಾಳಾಸಾಹೇಬನ ಕೈಮೀರಿ ಬೆಳೆದ. ಫೌಂಡ್ರಿಯ ಕೆಲಸಗಾರರು ಸೈಕಲ್ಲು ನಿಲ್ಲಿಸಿ ಕೈಮುಗಿದರು. ಲಾರಿಯವರು ಟೈರು ಪಂಕ್ಚರ್ ಆಗದಿರಲೆಂದು ಹಸಿರು ಚಾದರ ಹೊದಿಸಿದರು, ಹಸಿ ಕೊಬ್ಬರಿ ಏರಿಸಿದರು. ಅವರಲ್ಲಿ ಕೆಲವು ಮುಸಲ್ಮಾನರು ಮಾತ್ರ ಬಂದು ನೋಡಿ, ತಮ್ಮೊಳಗೆ ಮೆಲ್ಲಗೆ ಏನೋ ಮಾತಾಡಿಕೊಂಡು, ಕೈ ಎತ್ತದೆ ಹೋದರು. ಅವರ ಪೀರನಿಗೆ ಅವರೇ ಒಂದು ಊದಿನಕಡ್ಡಿ ಹಚ್ಚುವುದಿಲ್ಲ, ಎಂಥ ಜಿಪುಣರಪ್ಪಾ ಎಂದು ಬಾಳಾಸಾಹೇಬ ಹೇಸಿಕೊಂಡ.

ಆ ಕೊರತೆ ತುಂಬಲು ಮದರಬೀಯನ್ನು ಕರೆಸಿದ. ಶಾಪಿಂಗ್ ಸೆಂಟರಿನ ಜಗಲಿಯಲ್ಲಿ ಬಳೆ ಮಾರುತ್ತಿದ್ದ ಮುದುಕಿ ಅವಳು. ಗಿರಾಕಿಗಳ ಕಾಲಿಗೆ ತೊಡರುತ್ತಾಳೆಂದು ಹೋದ ವರ್ಷ ಅವನೇ ಓಡಿಸಿದ್ದ. ಪ್ರತಿ ಗುರುವಾರ ಲೋಬಾನ ಹಾಕಿದರೆ ಜಗಲಿಯ ಮೂಲೆ ಮತ್ತೆ ಅವಳದು. ಮದರಬೀ ಬಂದು ಗೋರಿಯನ್ನು ನೋಡಿದಳು, ಬೇವಿನ ಮರವನ್ನು ನೋಡಿದಳು, ಆಮೇಲೆ ಬಾಳಾಸಾಹೇಬನನ್ನು ನೋಡಿದಳು.

"ಅಲ್ರೀ ಸಾವ್ಕಾರ್ರ, ಪೀರಸಾಹೇಬ್ರ ತಲಿ ಯಾವ ಬಾಜೂಕ ಐತ್ರಿ?"

"ತಲಿನೂ ಐತಿ, ಕಾಲೂ ಐತಿ. ನೀ ಲೋಬಾನ ಹಾಕು, ನಿನ್ನ ತಲಿ ಓಡಿಸಬ್ಯಾಡ."

"ಆತ್ರೀ," ಎಂದಳು ಮದರಬೀ. ಗುರುವಾರ ಗುರುವಾರ ಲೋಬಾನ ಹಾಕಿದಳು. ಸೆರಗು ತಲೆಗೆ ಹೊದ್ದದ್ದಾಗಲಿ, ಕೈ ಎತ್ತಿ ಬೇಡಿದ್ದಾಗಲಿ ಬಾಳಾಸಾಹೇಬ ಕಾಣಲಿಲ್ಲ. ಸೋಮಾರಿ ಎಂದುಕೊಂಡ.

ಸಮಿತಿ ಸ್ಥಳ ನೋಡಲು ಬರುವ ದಿನ ಬಾಳಾಸಾಹೇಬ ಕೊನೆಯ ಇಟ್ಟಿಗೆ ಇಟ್ಟ. ಜೀಪು ತಗೊಂಡು ಊರ ನಡುವಿನ ರವಿವಾರ ಪೇಟೆಗೆ ಹೋಗಿ ಬೆಲ್ಲದ ವ್ಯಾಪಾರಿ ಬಾಬಾಜಾನನನ್ನು ಕರೆತಂದ. ಮಸೀದಿಯ ಹಿರಿಯ, ಊರೆಲ್ಲ ಗೌರವ ಕೊಡುವ ಮನುಷ್ಯ. ಅಂಗಡಿ ಬಿಟ್ಟು ಎಲ್ಲಿಗೂ ಹೋಗದವನು ಈ ಗೋರಿಯನ್ನು ಇನ್ನೂ ನೋಡಿರಲಿಲ್ಲ. ಅಧಿಕಾರಿಯ ಎದುರು ಅವನು ಪ್ರಾರ್ಥನೆ ಹೇಳಿ ಪೀರನಿಗೆ ಸಕ್ಕರೆ ಓದಿಸಿಬಿಟ್ಟರೆ ಮುಂದೆ ಯಾರ ಅಪ್ಪನೂ ಸೊಲ್ಲೆತ್ತುವಂತಿಲ್ಲ.

"ನಮ್ಮ ಹಿರ್ಯಾರ ಗೋರಿ ಹುಡುಕಿ ಕೊಟ್ರಿ, ದೊಡ್ಡ ಸವಾಬಿನ, ಪುಣ್ಯೇದ ಕೆಲಸ ಮಾಡೀರಿ ಬಾಳಾಸಾಹೇಬ್ರ," ಎಂದು ಬಾಬಾಜಾನ ದಾರಿಯುದ್ದಕ್ಕೂ ಅವನ ಕೈ ಹಿಡಿದುಕೊಂಡೇ ಕುಂತಿದ್ದ. ಬಾಳಾಸಾಹೇಬ ಬೇಡ ಬೇಡ ಎನ್ನುತ್ತ ಆ ಹೊಗಳಿಕೆಯನ್ನು ಬೆಲ್ಲದ ಹಾಗೆ ಚಪ್ಪರಿಸಿದ.

ಅಧಿಕಾರಿ ಬಂದದ್ದು ಹೊತ್ತು ಇಳಿಯುವಾಗ. ಸತ್ಯಪ್ಪ ಮೊದಲೇ ಬಂದು ಬೇವಿನ ಮರದಡಿ ನಿಂತಿದ್ದ. ಮರದ ಕಾಲಿನ ಪಟ್ಟಿ ಬಿಚ್ಚಲು ಬಾರದೆ ಒಂದೇ ಚಪ್ಪಲಿ ಬಿಟ್ಟಿದ್ದ. ಬಾಳಾಸಾಹೇಬ ಗಂಟಲು ಸರಿಮಾಡಿಕೊಂಡ.

"ಸಾಹೇಬ್ರ, ಈ ಗೋರಿ ಕಟ್ಟಿಸಿದಾವ್ರು ಖುದ್ದ ನಮ್ಮಜ್ಜಾರು. ಪೀರಸಾಹೇಬ್ರನ್ನ ತಮ್ಮ ಕೈಯಾರ ಮಲಗ್ಸ್ಯಾರ. ಅವತ್ತಿನಿಂದ ಇವತ್ತಿನತನಕ ಒಂದ್ ಕಲ್ಲೂ ಸರದಿಲ್ಲ. ಬೇಕಂದ್ರ ಲಿಂಗ ಮುಟ್ಟಿ ಹೇಳ್ತೀನಿ."

ಹೇಳಿಯೂ ಬಿಟ್ಟ, ಕೊರಳ ಕರಡಿಗೆ ಹಿಡಿದುಕೊಂಡು.

ಅಧಿಕಾರಿ ಸತ್ಯಪ್ಪನ ಕಡೆ ತಿರುಗಿದ. "ನೀವೇನಂತೀರಿ?"

ಸತ್ಯಪ್ಪ ಮರದ ಕಾಲು ಎಳೆದುಕೊಂಡು ಗೋರಿಯ ಹತ್ತಿರ ಬಂದ. ಖಾನಾಪುರದ ಬಾಡಿಗೆ ಖೋಲಿಯಲ್ಲಿ ಹೆಂಡತಿ, ಮಕ್ಕಳು ಈ ಪಂಪಿನ ಮೇಲೇ ಉಸಿರು ಹಿಡಿದಿದ್ದರು. ಬೇರೆ ಜಾಗವಿಲ್ಲ, ಸರಕಾರದಿಂದ ಇನ್ನೊಂದು ಪಂಪು ಬೇಕೆಂದರೆ ಕಳೆದುಕೊಳ್ಳಲು ಉಳಿದದ್ದು ಒಂದೇ ಕಾಲು.

"ಸತ್ತಾವ್ರ ಮ್ಯಾಲ ಪಂಪ್ ಕಟ್ಟಾಂಗಿಲ್ರಿ ಸಾಹೇಬ್ರ," ಎಂದ. "ನಾ ಹೆಣಾ ಭಾಳ ನೋಡೇನಿ. ಪೀರಸಾಹೇಬ್ರು ಮಲಗ್ಲಿ, ನಾ ಹಿಂದ ಸರೀತೀನಿ."

ಅಧಿಕಾರಿ ಪೆನ್ನಿನ ಟೋಪಿ ತೆಗೆದ. ಅಲ್ಲಿಗೆ ಮುಗಿದಿತ್ತು. ಬಾಳಾಸಾಹೇಬ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ತಾನು ಕಟ್ಟಿದ ನಾಟಕ ಮಂಗಳಾರತಿ ಇಲ್ಲದೆ ಮುಗಿಯುವುದು ಅವನಿಗೆ ಒಗ್ಗಲಿಲ್ಲ. ಆಳಿನ ಮಗ ತನ್ನ ಕೊಟ್ಟಿಗೆಯ ಮೆಟ್ಟಿಲಿಗೆ ಸಕ್ಕರೆ ಹಿಡಿದು ನಿಲ್ಲುವುದನ್ನು ಕಣ್ಣಾರೆ ನೋಡಬೇಕಿತ್ತು.

"ಇರ್ರಿ ಸಾಹೇಬ್ರ, ಗಡಿಬಿಡಿ ಏನೈತಿ? ಸಕ್ಕರಿ ಓದಿಸಿ ಆಮ್ಯಾಲ ಬರೀರಿ. ಲೇ ಸತ್ಯಾ, ಹಿಡಿ ಸಕ್ಕರಿ ತಟ್ಟಿ. ಬಾಬಾಜಾನ ಸೇಠ, ಬರ್ರಿ ಮುಂದ."

ಬಾಬಾಜಾನ ಟೋಪಿ ಸರಿಮಾಡಿಕೊಂಡು ಗೋರಿಯ ಹತ್ತಿರ ಬಂದ. ಒಂದು ಬದಿಗೆ ನಿಂತ, ನಿಂತಲ್ಲಿ ಸರಿಹೋಗಲಿಲ್ಲ. ಇನ್ನೊಂದು ಬದಿಗೆ ಹೋದ. ದೀಪದ ಗೂಡನ್ನು ನೋಡಿದ. ಚಾದರದ ಆ ತುದಿಯವರೆಗೆ ನಡೆದು, ಬೇವಿನ ಮರದ ಹಿಂದೆ ಕೆಂಪಗೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದ. ಅರ್ಧ ಎತ್ತಿದ ಕೈಗಳನ್ನು ಇಳಿಸಿದ.

"ಒಂದ್ ಕಲ್ಲೂ ಸರದಿಲ್ಲ ಅಂದ್ರೆಲ್ಲ, ಬಾಳಾಸಾಹೇಬ್ರ?" ಎಂದ ಬಾಬಾಜಾನ, ಮೆಲ್ಲಗೆ. "ಹಂಗಾದ್ರ ಒಳಗ ನಮ್ಮವ್ರು ಯಾರೂ ಇಲ್ರಿ. ನಾವು ತಲಿ ಉತ್ತರಕ್ಕ, ಕಾಲು ದಕ್ಷಿಣಕ್ಕ ಮಾಡಿ, ಮಾರಿ ಪಶ್ಚಿಮಕ್ಕ ಹೊಳ್ಳಿಸಿ ಮಲಗಿಸ್ತೀವಿ. ನಾವು ನಮಾಜಿಗೆ ಮಾರಿ ಮಾಡೂ ಕಾಬಾ ಆ ಕಡೆ ಐತಿ. ನಮ್ಮ ಮನ್ಯಾಗ ಜ್ವರ ಬಂದ್ ಮಲಗಿದ ಕೂಸಿನ ಕಾಲೂ ಆ ಕಡೆ ಚಾಚಗೊಡಂಗಿಲ್ಲ. ನಿಮ್ಮ ಪೀರ ನೋಡ್ರಿ, ಎರಡೂ ಕಾಲು ಸೀದಾ ಕಾಬಾದ ಮ್ಯಾಲ ಚಾಚ್ಯಾನ." ಜಗಲಿಯ ಮೂಲೆಯಿಂದ ಮದರಬೀ, "ನಾ ಅವತ್ತ ಕೇಳಿದ್ನಿಲ್ರಿ, ತಲಿ ಯಾವ ಬಾಜೂಕ ಅಂತ?" ಎಂದು ಎಲೆಅಡಿಕೆ ಉಗುಳಿದಳು. ಅಧಿಕಾರಿ ಪೆನ್ನಿಗೆ ಟೋಪಿ ಹಾಕಿ, ಕಲ್ಲು ಎತ್ತಿಸಿ ಎಂದ; ರಸ್ತೆಯಂಚಿನಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಬಂಡೆಪ್ಪ ಯಾರೂ ಹೇಳುವ ಮೊದಲೇ ಕಬ್ಬಿಣದ ಹಾರೆ ಎತ್ತಿಕೊಂಡು ಓಡಿ ಬಂದ, ಯಾವ ಕಲ್ಲಿನ ಕೆಳಗೆ ಎಲ್ಲಿ ಹಾರೆ ಹಾಕಬೇಕೆಂದು ಹುಡುಕಲೂ ಇಲ್ಲ. ಬಾಳಾಸಾಹೇಬ ಕೊರಳ ಕರಡಿಗೆಯನ್ನು ಇನ್ನೂ ಹಿಡಿದುಕೊಂಡೇ ನಿಂತಿದ್ದ. ಪಾಚಿ, ಚಾದರ, ಕುದುರೆ, ಗಣಪತಿ, ಎಲ್ಲವನ್ನೂ ಅವನು ಯೋಚಿಸಿದ್ದ. ಆದರೆ ಅಪ್ಪನನ್ನೂ ಅಜ್ಜನನ್ನೂ ಪದ್ಮಾಸನದಲ್ಲಿ ಕುಳ್ಳಿರಿಸಿ ಹೂಳಿದ ಮನೆತನ ಅವನದು. ಸತ್ತವರ ಕಾಲಿಗೂ ಒಂದು ದಿಕ್ಕು ಇರುತ್ತದೆ ಎನ್ನುವುದನ್ನು ಅವನು ಹುಟ್ಟಿದಾಗಿನಿಂದ ಕಂಡೇ ಇರಲಿಲ್ಲ.